ಮರಕ್ಕೊಂದು ರುಚಿ, ಊರಿಗೊಂದು ಹದ

ಬಗನಿ ಕಳ್ಳು, ಅಕ್ಕಿ ಬೋಜ ಮತ್ತು ಬೆಂಗಳೂರಿನ ಬಿಯರ್: ಒಂದು ಉಪನ್ಯಾಸದ ಪಠ್ಯ

ಸಾಗರ ಸೀಮೆಯವರಿಗೆ ಅಪ್ಪೆಮಿಡಿಯ ವಿಷಯವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹೊರಗಿನವರಿಗೆ ಅದು ಬರಿಯ ಮಾವಿನ ಮಿಡಿ. ಇಲ್ಲಿನವರಿಗೆ ಹಾಗಲ್ಲ. ಒಂದು ಮರದ ಮಿಡಿಗೆ ಜೀರಿಗೆಯ ಪರಿಮಳ, ಇನ್ನೊಂದರದ್ದಕ್ಕೆ ಕರ್ಪೂರದ ಘಾಟು. ಹೊಳೆದಂಡೆಯ ಯಾವ ಮರದ ಕಾಯಿ ವರ್ಷ ಕಳೆದರೂ ಮೆತ್ತಗಾಗದು, ಯಾವುದು ಬೇಗ ಹಾಳಾಗುತ್ತದೆ ಎಂಬುದೆಲ್ಲ ಉಪ್ಪಿನಕಾಯಿ ಹಾಕುವ ಹೆಂಗಸರಿಗೆ ಬಾಯಿಪಾಠ. ‘ಅನಂತಭಟ್ಟನ ಅಪ್ಪೆ’ ಎಂದು ತಳಿಗೆ ಮನುಷ್ಯರ ಹೆಸರೇ ಅಂಟಿಕೊಂಡದ್ದುಂಟು. ಈ ತಿಳಿವಳಿಕೆಗೆ ಮನ್ನಣೆಯೂ ದೊರೆತಿದೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ, ಕಸಿ ಗಿಡಗಳು ನರ್ಸರಿಗಳಲ್ಲಿ ಸಿಗುತ್ತವೆ.

ಇದೇ ಮಲೆನಾಡಿನಲ್ಲಿ, ಇಷ್ಟೇ ಸೂಕ್ಷ್ಮವಾಗಿ ಮರ ಮರದ ರುಚಿಯನ್ನು ಬೇರೆ ಬೇರೆಯಾಗಿ ಗುರುತಿಸುವ ಇನ್ನೊಂದು ವಿದ್ಯೆಯೂ ಇತ್ತು. ಅದರ ಹೆಸರನ್ನು ಸಭೆಯಲ್ಲಿ ಎತ್ತಲು ಹಲವರು ಹಿಂಜರಿಯುತ್ತಾರೆ. ಅದು ಕಳ್ಳಿನ ವಿದ್ಯೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಬಗನಿ ಕಳ್ಳು ಮತ್ತು ಅಕ್ಕಿ ಬೋಜ ಎಂಬ ಎರಡು ಪಾನೀಯಗಳ ಸುತ್ತ ಬೆಳೆದ ಈ ತಿಳಿವಳಿಕೆ ಏನು, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದೇ ಇಂದಿನ ಮಾತಿನ ವಿಷಯ.

ವಿಷಯ ಈಗ ಯಾಕೆ ಬಂತೆಂದರೆ, ರಾಜಧಾನಿಯಲ್ಲಿ ಇಂಥದೇ ಒಂದು ವಿದ್ಯೆ ಹೊಸದಾಗಿ ಹುಟ್ಟಿಕೊಂಡಿದೆ. ಬೆಂಗಳೂರಿನ ಇಂದಿರಾನಗರದಲ್ಲಿ 2010ರಲ್ಲಿ ‘ಟಾಯ್ಟ್’ ಬಾಗಿಲು ತೆರೆಯಿತು. 2012ರಲ್ಲಿ ‘ಆರ್ಬರ್’ ಬಂತು. ಆಮೇಲೆ ನಗರದ ತುಂಬ ಇಂಥ ಮೈಕ್ರೋಬ್ರೂವರಿಗಳು ಹರಡಿದವು. ದೊಡ್ಡ ಕಾರ್ಖಾನೆಯ ಬಾಟಲಿ ಬಿಯರ್ ಊರೂರಿಗೂ ಒಂದೇ ರುಚಿ. ಇವು ಹಾಗಲ್ಲ. ಕುಡಿಯುವ ಜಾಗದಲ್ಲಿಯೇ ದೊಡ್ಡ ತಾಮ್ರದ ಅಥವಾ ಉಕ್ಕಿನ ಕೊಳಗಗಳಲ್ಲಿ ಕುದಿಸಿ, ಹುಳಿಸಿ, ಅಲ್ಲಿಯೇ ಬಡಿಸುತ್ತಾರೆ. ಹಲಗೆಯ ಮೇಲೆ ಪುಟ್ಟ ಪುಟ್ಟ ಲೋಟಗಳನ್ನು ಸಾಲಾಗಿಟ್ಟು ಒಂದೊಂದು ಗುಟುಕು ಸವಿದು, ಇದು ಗೋಧಿಯದು, ಇದಕ್ಕೆ ಬಾಳೆಹಣ್ಣಿನ ವಾಸನೆ, ಇದು ಹುರಿದ ಕಾಫಿಯ ಹಾಗೆ ಕಹಿ ಎಂದು ಹೋಲಿಸಿ ನೋಡುವುದು ಅಲ್ಲಿನ ರೂಢಿ. ಅದನ್ನು ಸುಸಂಸ್ಕೃತ ಹವ್ಯಾಸವೆಂದು ಪತ್ರಿಕೆಗಳು ಬರೆಯುತ್ತವೆ.

ಹವ್ಯಾಸದಲ್ಲಿ ತಪ್ಪೇನಿಲ್ಲ. ಆದರೆ ಇದೇ ಕೆಲಸವನ್ನು ಸೋರೆಬುರುಡೆ ಹಿಡಿದು ಮಾಡಿದವನನ್ನು ಲೋಕ ಯಾವ ಹೆಸರಿನಿಂದ ಕರೆಯಿತು?

ಮೂರು ಬಗೆ, ಮೂರು ಕುಲ

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಆಡುಮಾತಿನಲ್ಲಿ ಕಳ್ಳು, ಹೆಂಡ, ಶೇಂದಿ, ಸಾರಾಯಿ ಎಲ್ಲವೂ ಒಂದೇ ಸಾಲಿನಲ್ಲಿ ಬಂದುಬಿಡುತ್ತವೆ. ವಸ್ತುತಃ ಇವು ಒಂದೇ ಅಲ್ಲ.

ಮರದ ಸಿಹಿರಸ ತಾನಾಗಿ ಹುಳಿತು ಆಗುವುದು ಕಳ್ಳು. ಹೆಂಡ, ಶೇಂದಿ ಎಂಬುವು ಆಯಾ ಪ್ರಾಂತ್ಯದಲ್ಲಿ ಅದಕ್ಕೇ ಇರುವ ಹೆಸರುಗಳು. ರಸದಲ್ಲಿ ಸಕ್ಕರೆ ಮೊದಲೇ ಇರುವುದರಿಂದ ದ್ರಾಕ್ಷಿಯ ವೈನಿಗೂ ಕಳ್ಳಿಗೂ ಹತ್ತಿರದ ನೆಂಟು. ಧಾನ್ಯದಿಂದ ಮಾಡುವುದು ಬಿಯರ್. ಧಾನ್ಯದಲ್ಲಿ ಇರುವುದು ಸಕ್ಕರೆಯಲ್ಲ, ಪಿಷ್ಟ. ಅದನ್ನು ಮೊದಲು ಸಕ್ಕರೆಯಾಗಿಸಬೇಕು, ಆಮೇಲೆ ಹುಳಿಸಬೇಕು. ಬಾರ್ಲಿಯ ಬಿಯರ್ ಆಗಲಿ ಮಲೆನಾಡಿನ ಅಕ್ಕಿ ಬೋಜವಾಗಲಿ ಈ ಕುಲಕ್ಕೆ ಸೇರಿದವು. ಮೂರನೆಯದು ಭಟ್ಟಿ ಇಳಿಸಿದ್ದು. ಹುಳಿತದ್ದನ್ನು ಕಾಯಿಸಿ, ಆವಿ ಹಿಡಿದು, ತಂಪು ಮಾಡಿ ತೆಗೆದ ಸಾರಾಯಿ, ಬ್ರಾಂದಿ, ವಿಸ್ಕಿ ಈ ಗುಂಪಿನವು.

ಮೊದಲೆರಡರಲ್ಲಿ ಮದ್ಯಾಂಶ ಸಾಮಾನ್ಯವಾಗಿ ನೂರಕ್ಕೆ ನಾಲ್ಕೈದು ಭಾಗ, ಹೆಚ್ಚೆಂದರೆ ಅದಕ್ಕಿಂತ ತುಸು ಮೇಲೆ. ಮೂರನೆಯದರಲ್ಲಿ ಮೂವತ್ತು, ನಲವತ್ತು. ಈ ಅಂತರವನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ.

ಕನ್ನಡಿಗರಿಗೆ ಪಾನೀಯಗಳ ಭೇದ ಹೊಸದಲ್ಲ. 941ರ ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿಯೇ ಪಾನಗೋಷ್ಠಿಯ ವರ್ಣನೆ ಬರುತ್ತದೆ. ಆದರೆ ಅದು ನಾಗರಿಕರ ಕೇರಿಯ ಚಿತ್ರ. ಮಲೆನಾಡಿನ ಕಳ್ಳಿನ ಚಿತ್ರ ಬೇಕಾದವರು ತೀರ್ಥಹಳ್ಳಿಯ ಕುಪ್ಪಳಿಯವರೇ ಆದ ಕುವೆಂಪು ಅವರ ಕಾದಂಬರಿಗಳನ್ನು ತೆರೆಯಬೇಕು. ಅಲ್ಲಿ ಬಗನಿ ಮರವೂ ಒಂದು ಪಾತ್ರವೇ.

ಬಗನಿ ಎಂಬ ತಾಳೆ

ಬಗನಿ ಮಲೆನಾಡಿನ ಕಾಡು ತಾಳೆ. ಕೊಡಗಿನವರು ಇದನ್ನು ಬೈನೆ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಕ್ಯಾರಿಯೋಟ ಯುರೆನ್ಸ್. ಲ್ಯಾಟಿನ್ನಿನಲ್ಲಿ ‘ಯುರೆನ್ಸ್’ ಎಂದರೆ ಉರಿಸುವುದು. ಇದರ ಹಣ್ಣು ಮುಟ್ಟಿದರೆ ಕೈ ತುರಿಸುತ್ತದೆ, ಹೆಸರು ಬಂದದ್ದು ಅದರಿಂದ. ಅಡಿಕೆ ತೆಂಗುಗಳ ಗರಿಯಂತೆ ಇದರ ಗರಿ ಇರುವುದಿಲ್ಲ. ಎಲೆಯ ತುದಿ ಮೀನಿನ ಬಾಲದಂತೆ ಹರಿದುಕೊಂಡಿರುತ್ತದೆ. ಚಪ್ಪರದ ಶೃಂಗಾರಕ್ಕೆ ಇದರ ಸೊಪ್ಪು ಬೇಕು, ಆನೆಗೆ ಇದು ಇಷ್ಟದ ಮೇವು. ಕಾಂಡದ ಹೊರಭಾಗ ಕಬ್ಬಿಣದಷ್ಟು ಗಟ್ಟಿ. ಒಳಗಿನ ತಿರುಳನ್ನು ಕುಟ್ಟಿ ತೊಳೆದರೆ ಸಾಬೂದಾನಿಯಂಥ ಹಿಟ್ಟು ಸಿಗುತ್ತದೆ. ಬರಗಾಲದಲ್ಲಿ ಬಡವರ ಹೊಟ್ಟೆ ತುಂಬಿಸಿದ್ದು ಈ ಹಿಟ್ಟು.

ಈ ಮರದ ಬದುಕೇ ಒಂದು ವಿಚಿತ್ರ. ಹತ್ತು ಹದಿನೈದು ವರ್ಷ ಅದು ಹೂ ಬಿಡದೆ ಬೆಳೆಯುತ್ತದೆ. ಅಷ್ಟೂ ಕಾಲ ಕಾಂಡದೊಳಗೆ ಪಿಷ್ಟವನ್ನು ಕೂಡಿಡುತ್ತದೆ. ಮೊದಲ ಹೊಂಬಾಳೆ ತಲೆಯ ಬಳಿ ಒಡೆಯುತ್ತದೆ. ಆಮೇಲಿನದು ಅದರ ಕೆಳಗೆ, ಮತ್ತೊಂದು ಇನ್ನೂ ಕೆಳಗೆ. ಹೀಗೆ ಮೇಲಿನಿಂದ ಕೆಳಕ್ಕೆ ಕೆಲವು ವರ್ಷ ಹೂ ಬಿಡುತ್ತ ಬಂದು, ಕೊನೆಯದು ಮುಗಿದೊಡನೆ ಮರ ಸಾಯುತ್ತದೆ. ಜೀವಮಾನದ ಗಳಿಕೆಯನ್ನೆಲ್ಲ ಕೊನೆಗಾಲದಲ್ಲಿ ಹೂವಿಗೆಂದು ಖರ್ಚು ಮಾಡುವ ಮರ ಇದು. ಕಳ್ಳು ಇಳಿಸುವವನು ಪಡೆಯುವುದು ಆ ಖರ್ಚಿನ ಒಂದು ಪಾಲನ್ನು. ಒಳ್ಳೆಯ ಮರ ದಿನಕ್ಕೆ ಹತ್ತಿಪ್ಪತ್ತು ಲೀಟರ್ ರಸ ಕೊಟ್ಟೀತು.

ಹಾಗಾಗಿ ಬಗನಿಯ ಲೆಕ್ಕಾಚಾರ ತೆಂಗಿನ ಲೆಕ್ಕಾಚಾರದಂತಲ್ಲ. ತೆಂಗು ವರ್ಷವಿಡೀ ಹೊಂಬಾಳೆ ಬಿಡುತ್ತದೆ, ದಶಕಗಟ್ಟಲೆ ಇರುತ್ತದೆ. ಬಗನಿಯಲ್ಲಿ ಯಾವ ಮರ ಈ ವರ್ಷ ಒಡೆಯುತ್ತದೆ, ಯಾವುದು ಇನ್ನೆರಡು ವರ್ಷ ನಡೆಯುತ್ತದೆ, ಯಾವುದರ ಕಾಲ ಮುಗಿಯಿತು ಎಂದು ಕಾಡನ್ನೆಲ್ಲ ತಲೆಯಲ್ಲಿಟ್ಟುಕೊಂಡವನಿಗೆ ಮಾತ್ರ ಕಸುಬು ನಡೆದೀತು. ಬೀಜವೂ ಬೇಕು. ಎಲ್ಲ ಹೊಂಬಾಳೆಯನ್ನೂ ಕೊಯ್ದರೆ ಹಣ್ಣಾಗುವುದಿಲ್ಲ. ಹಣ್ಣಾಗದಿದ್ದರೆ ಕಬ್ಬೆಕ್ಕು ತಿನ್ನುವುದಿಲ್ಲ, ಕಾಡಿನಲ್ಲಿ ಬೀಜ ಬಿತ್ತುವವರೇ ಇರುವುದಿಲ್ಲ. ಮರ ಕಾಯುವುದೂ ಕಳ್ಳು ಇಳಿಸುವುದೂ ಒಂದೇ ಕಸುಬಿನ ಎರಡು ಮುಖಗಳಾಗಿದ್ದದ್ದು ಹೀಗೆ.

ಹಳೆಯ ಪೈಕರು

ಈ ಕಸುಬನ್ನು ಹಿಡಿದವರು ಸಾಗರ ಸೊರಬದ ಕಡೆ ದೀವರು, ತೀರ್ಥಹಳ್ಳಿ ಕಡೆ ಹಳೆಪೈಕರು ಎಂದು ಕರೆಸಿಕೊಂಡವರು. ಪೈಕ ಎಂದರೆ ಕಾಲಾಳು, ಸಿಪಾಯಿ. ಹಿಂದೆ ಅರಸರ ದಂಡಿನಲ್ಲಿದ್ದವರಾದ್ದರಿಂದ ಹಳೆಪೈಕರು ಎಂಬ ವಿವರಣೆ ಪ್ರಸಿದ್ಧವಾಗಿದೆ. ಕೆಳದಿ ಅರಸರ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ, ಬಿದನೂರು ಹೊಸನಗರದ್ದು, ಕವಲೇದುರ್ಗ ತೀರ್ಥಹಳ್ಳಿಯದು. ಇಂದಿನ ಮಾತಿಗೆ ಆಧಾರವಾದ ಮೂರೂ ತಾಲ್ಲೂಕುಗಳು ಆ ರಾಜ್ಯದ ಹೃದಯಭಾಗವೇ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಆ ದಂಡೂ ಇಲ್ಲ, ಆ ದರ್ಬಾರೂ ಇಲ್ಲ. ಕಾಡು ಮತ್ತು ಗದ್ದೆ ಉಳಿದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಅವರು ನಗರ ಮಲೆನಾಡಿನ ಹಳೆಪೈಕರ ವಂಶಪಾರಂಪರ್ಯದ ಕಸುಬುಗಳನ್ನು ದಾಖಲಿಸಿದ್ದಾರೆ. ಬಗನಿ ಕಳ್ಳು ಇಳಿಸುವುದು, ಭತ್ತದ ಬೇಸಾಯ, ಮೆಣಸಿನ ಬಳ್ಳಿಗಳಿರುವ ಕಾನುಗಳನ್ನು ನೋಡಿಕೊಳ್ಳುವುದು. ಈ ಮೂರನ್ನೂ ಒಟ್ಟಿಗೆ ಓದಬೇಕು. ಕಾನು ಎಂದರೆ ಬರಿಯ ಕಾಡಲ್ಲ. ಊರಿನ ನೀರಿನ ತಾಯಿಯಾದ, ಎಂದೂ ಬೋಳಾಗದ ದಟ್ಟ ಹಸುರಿನ ತಾಣ. ಮರಕ್ಕೆ ಮೆಣಸಿನ ಬಳ್ಳಿ, ನಡುವೆ ಬಗನಿ, ಅಂಚಿನಲ್ಲಿ ಭತ್ತದ ಗದ್ದೆ. ಬಗನಿಯಿಂದ ಕಳ್ಳು ಬಂತು, ಗದ್ದೆಯಿಂದ ಬೋಜ ಬಂತು. ಮಲೆನಾಡಿನ ಎರಡು ಪಾನೀಯಗಳೂ ಈ ಒಂದೇ ಹಿಡುವಳಿಯ ಫಲಗಳು.

ದೀವರ ಮನೆಯ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಇಂದು ದೇಶವಿದೇಶಗಳಲ್ಲಿ ಹೆಸರಾಗಿದೆ. ಅದರ ಬಿಳಿ ಬಣ್ಣ ಅಕ್ಕಿಯ ಹಿಟ್ಟಿನದು, ಕಪ್ಪು ಬಣ್ಣ ಸುಟ್ಟ ಅಕ್ಕಿಯದು. ಅಕ್ಕಿ ಚಿತ್ತಾರವಾದದ್ದು ಕಲೆಯೆಂದು ಪ್ರದರ್ಶನಕ್ಕೆ ಹೋಯಿತು. ಅದೇ ಮನೆಯಲ್ಲಿ ಅಕ್ಕಿ ಬೋಜವಾದದ್ದು ಅಪರಾಧದ ಪಟ್ಟಿಗೆ ಹೋಯಿತು.

ಕಳ್ಳಿನ ರುಚಿ ನೋಡುವ ಬಗೆ

ಕಳ್ಳು ಇಳಿಸುವುದು ಮರಕ್ಕೆ ಗಡಿಗೆ ಕಟ್ಟಿ ಬಂದಷ್ಟು ಸುಲಭದ ಕೆಲಸವಲ್ಲ. ಒಡೆಯದ ಹೊಂಬಾಳೆಯನ್ನು ಆರಿಸಿ, ಬಿಗಿಯಾಗಿ ಸುತ್ತಿ ಕಟ್ಟಿ, ದಿನಗಟ್ಟಲೆ ಹದವಾಗಿ ಬಡಿದು ಪಳಗಿಸಬೇಕು. ಆಮೇಲೆ ತುದಿ ಕೊಯ್ಯಬೇಕು. ರಸ ತೊಟ್ಟಿಕ್ಕಲು ಶುರುವಾದ ಮೇಲೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮರ ಹತ್ತಿ ತುದಿಯನ್ನು ಎಲೆಯಷ್ಟು ತೆಳ್ಳಗೆ ಸವರಬೇಕು. ದಪ್ಪ ಕೊಯ್ದರೆ ಹೊಂಬಾಳೆ ಬೇಗ ಮುಗಿಯುತ್ತದೆ. ಕೊಯ್ಯದಿದ್ದರೆ ಗಾಯ ಒಣಗಿ ರಸ ನಿಲ್ಲುತ್ತದೆ. ಮಳೆಯಲ್ಲಿ ಪಾಚಿ ಹಿಡಿದ ಕಾಂಡ, ಬಿದಿರಿನ ಏಣಿ, ನಲವತ್ತು ಐವತ್ತು ಅಡಿ ಎತ್ತರ. ಬಿದ್ದು ಸತ್ತವರ, ಸೊಂಟ ಮುರಿದುಕೊಂಡವರ ಕಥೆಗಳು ಈ ಕಸುಬಿನ ಮನೆಗಳಲ್ಲಿ ವಿರಳವಲ್ಲ. ಕುಡಿಯುವವನ ಖುಷಿಯ ಬಗ್ಗೆ ಮಾತಾಡುವಾಗ ಹತ್ತುವವನ ಜೀವವನ್ನು ಮರೆಯಬಾರದು.

ಹೊಂಬಾಳೆಯಿಂದ ಬೀಳುವ ಮೊದಲ ಹನಿಯಲ್ಲಿ ಮದ್ಯವಿರುವುದಿಲ್ಲ. ಅದು ಸಿಹಿನೀರು. ಗಡಿಗೆಯ ಒಳಮೈಗೆ ಸುಣ್ಣ ಬಳಿದಿಟ್ಟರೆ ಅದು ಸಿಹಿಯಾಗಿಯೇ ಉಳಿಯುತ್ತದೆ, ಕಾಯಿಸಿದರೆ ಬೆಲ್ಲವಾಗುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿ, ಹೂವಿನಲ್ಲಿ, ಹಳೆಯ ಗಡಿಗೆಯ ರಂಧ್ರಗಳಲ್ಲಿ ಇರುವ ಯೀಸ್ಟ್ ಮತ್ತು ಹುಳಿ ಬರಿಸುವ ಸೂಕ್ಷ್ಮಜೀವಿಗಳು ಒಡನೆಯೇ ಕೆಲಸಕ್ಕೆ ತೊಡಗುತ್ತವೆ. ಕೆಲವೇ ಗಂಟೆಗಳಲ್ಲಿ ರಸ ಬೆಳ್ಳಗೆ ಮಬ್ಬಾಗುತ್ತದೆ, ನೊರೆ ಏಳುತ್ತದೆ, ನಾಲಗೆಗೆ ಚುರುಕು ಬರುತ್ತದೆ. ಮರುದಿನದ ಹೊತ್ತಿಗೆ ಸಿಹಿ ಇಳಿದು ಮತ್ತು ಏರಿರುತ್ತದೆ. ಅಲ್ಲಿಂದ ಮುಂದೆ ಹುಳಿಯ ಆಳ್ವಿಕೆ. ಕೊನೆಗೆ ಅದು ಅಡಿಗೆಮನೆಗೆ ಒದಗುವ ಹುಳಿನೀರಾಗುತ್ತದೆ.

ಆದ್ದರಿಂದ ಕಳ್ಳಿನ ರುಚಿ ಎಂದರೆ ಸ್ಥಿರವಾದ ಒಂದು ರುಚಿಯಲ್ಲ, ಓಡುತ್ತಿರುವ ಒಂದು ಗಡಿಯಾರ. ಬಲ್ಲವನು ಒಂದು ಗುಟುಕಿನಲ್ಲಿ ಹಲವು ಸಂಗತಿಗಳನ್ನು ಓದುತ್ತಾನೆ. ಇದು ಬೆಳಗಿನದೋ ಸಂಜೆಯದೋ. ಹೊಂಬಾಳೆ ಹೊಸದೋ ಮುಗಿಯುತ್ತ ಬಂದದ್ದೋ. ಗಡಿಗೆ ತೊಳೆದದ್ದೋ ನಿನ್ನೆಯ ಗಸಿ ಉಳಿದದ್ದೋ. ರಾತ್ರಿ ಮಳೆ ಬಿದ್ದು ನೀರು ಸೇರಿತೋ. ಮರ ನೀರಿನ ಆಸರೆಯಲ್ಲಿದೆಯೋ ಒಣ ದಿಬ್ಬದಲ್ಲಿದೆಯೋ. ಮರದಿಂದ ಮನೆಗೆ ಹೊತ್ತು ತಂದ ದೂರವೂ ರುಚಿಯಲ್ಲಿ ಸೇರಿಕೊಂಡಿರುತ್ತದೆ. ದೂರ ಹೆಚ್ಚಿದಷ್ಟೂ ಹುಳಿ ಹೆಚ್ಚು. ಊರಿನ ಕಳ್ಳನ್ನು ಊರಿನಲ್ಲಿಯೇ ಕುಡಿಯಬೇಕೆಂಬ ಮಾತಿಗೆ ಅಭಿಮಾನಕ್ಕಿಂತ ಈ ರಸಾಯನ ಹೆಚ್ಚು ಕಾರಣ.

ನಾಡಿನ ಉಳಿದ ಕಳ್ಳುಗಳೊಡನೆ ಹೋಲಿಸಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಬಯಲುಸೀಮೆಯ ಹೆಂಡ ಈಚಲ ಮರದ್ದು. ಅದನ್ನು ಹೂವಿನಿಂದಲ್ಲ, ಮರದ ತಲೆಯ ಬಳಿ ಕಾಂಡವನ್ನೇ ಕೆತ್ತಿ ಇಳಿಸುತ್ತಾರೆ. ಚಳಿಗಾಲ ಅದಕ್ಕೆ ಹದವಾದ ಕಾಲ. ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳಿಂದ ‘ಯೆಂಡ’ ಎಂಬ ಮಾತೇ ಕನ್ನಡ ಕಾವ್ಯದಲ್ಲಿ ಕಾಯಂ ಜಾಗ ಪಡೆಯಿತು. ಕರಾವಳಿಯದು ತೆಂಗಿನ ಹೊಂಬಾಳೆಯದು, ವರ್ಷವಿಡೀ ಸಿಗುವಂಥದು. ಮಲೆನಾಡಿನ ಬಗನಿ ಮಾತ್ರ ಯಾರೂ ನೆಟ್ಟದ್ದಲ್ಲ, ಕಾಡೇ ಬೆಳೆಸಿದ್ದು. ಸರದಿ ಬಂದಾಗ ಸಿಗುವುದು, ಬಾರದಿದ್ದರೆ ಇಲ್ಲ. ಆದುದರಿಂದಲೇ ಅದು ದೊಡ್ಡ ವ್ಯಾಪಾರವಾಗದೆ ಕೇರಿಯ, ನೆಂಟರ, ಕೂಲಿಯ ದಿನಗಳ ಪಾನೀಯವಾಗಿ ಉಳಿಯಿತು.

ಅಕ್ಕಿ ಬೋಜ

ಬಿಯರಿಗೆ ನಿಜವಾದ ಸೋದರಿ ಅಕ್ಕಿ ಬೋಜ. ಕೆಲವರ ಬಾಯಲ್ಲಿ ಇದು ಬೂಜ. ಅನ್ನ ಮಾಡಿ, ಆರಿಸಿ, ಗಿಡಮೂಲಿಕೆ ಸೇರಿಸಿ ಮಾಡಿದ ಹುಳಿಮದ್ದಿನ ಪುಡಿಯನ್ನು ಕಲಸಿ, ಮಣ್ಣಿನ ಗಡಿಗೆಯಲ್ಲಿ ಬಾಯಿ ಕಟ್ಟಿ ಕೆಲವು ದಿನ ಇಡುತ್ತಾರೆ. ಅನ್ನ ಕರಗಿ ತಿಳಿ ಮೇಲೆ ನಿಲ್ಲುತ್ತದೆ. ಅದನ್ನು ಸೋಸಿದರೆ ಬೋಜ. ಮಾಡುವವರು ಹೆಚ್ಚಾಗಿ ಹೆಂಗಸರು. ಕಳ್ಳು ಗಂಡಸಿನ ಕತ್ತಿಯ ಕೆಲಸವಾದರೆ ಬೋಜ ಹೆಂಗಸಿನ ಗಡಿಗೆಯ ಕೆಲಸ.

ಇಲ್ಲಿಯ ವಿಜ್ಞಾನ ಸ್ವಾರಸ್ಯವಾದದ್ದು. ಪಾಶ್ಚಾತ್ಯರು ಪಿಷ್ಟವನ್ನು ಸಕ್ಕರೆಯಾಗಿಸಲು ಬಾರ್ಲಿಯನ್ನು ಮೊಳಕೆ ಬರಿಸುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಆ ಕೆಲಸ ಮಾಡುತ್ತದೆ. ಆಮೇಲೆ ಯೀಸ್ಟ್ ಹಾಕುತ್ತಾರೆ. ಕಹಿಗೆ ಮತ್ತು ಕೆಡದಿರಲು ಹಾಪ್ಸ್ ಎಂಬ ಹೂವನ್ನು ಸೇರಿಸುತ್ತಾರೆ. ಏಷ್ಯಾದ ಅಕ್ಕಿ ಉಣ್ಣುವ ಜನ ಬೇರೆ ದಾರಿ ಹಿಡಿದರು. ಬೂಷ್ಟಿನಿಂದ ಪಿಷ್ಟವನ್ನು ಒಡೆಸಿದರು, ಯೀಸ್ಟಿನಿಂದ ಹುಳಿಸಿದರು. ಎರಡನ್ನೂ ಒಂದೇ ಗಡಿಗೆಯಲ್ಲಿ, ಒಂದೇ ಕಾಲಕ್ಕೆ. ಜಪಾನಿನ ಸಾಕೆ, ಜಾರ್ಖಂಡದ ಹಂಡಿಯಾ, ಅಸ್ಸಾಮಿನ ಅಕ್ಕಿ ಮದ್ಯಗಳು ಎಲ್ಲವೂ ಈ ವಂಶದವು. ಸಾಗರ ಹೊಸನಗರದ ಬೋಜವೂ ಈ ವಂಶದ್ದೇ. ರುಚಿಯ ಗುಟ್ಟು ಇರುವುದು ಅಕ್ಕಿಯಲ್ಲಿ ಅರ್ಧ, ಹುಳಿಮದ್ದಿನಲ್ಲಿ ಅರ್ಧ. ಯಾವ ಬೇರು, ಯಾವ ಚಕ್ಕೆ, ಎಷ್ಟು ಎಂಬುದನ್ನು ಪ್ರತಿ ಮನೆಯೂ ತನ್ನ ಒಳಗೆ ಇಟ್ಟುಕೊಂಡಿತು. ಹಾಗಾಗಿ ಒಂದು ಮನೆಯ ಬೋಜ ಇನ್ನೊಂದು ಮನೆಯದರಂತಲ್ಲ.

ಈಗ ಬೆಂಗಳೂರಿನ ಹಲಗೆಯ ಮೇಲಿನ ಲೋಟಗಳನ್ನು ಮತ್ತೆ ನೋಡಬೇಕು. ಗೋಧಿ ಬಿಯರಿನ ಬಾಳೆಹಣ್ಣು ಲವಂಗಗಳ ವಾಸನೆ ಅದಕ್ಕೆ ಹಣ್ಣು ಹಾಕಿದ್ದರಿಂದ ಬಂದದ್ದಲ್ಲ, ಆರಿಸಿದ ಯೀಸ್ಟಿನಿಂದ ಬಂದದ್ದು. ಕಪ್ಪು ಬಿಯರಿನ ಕಾಫಿ ಕಹಿ ಹುರಿದ ಧಾನ್ಯದ್ದು. ಬ್ರೂವರಿಯ ಹಿರಿಮೆ ಇರುವುದು ಹಿಡಿತದಲ್ಲಿ. ಉಷ್ಣತೆ, ನೀರು, ಯೀಸ್ಟು ಎಲ್ಲವೂ ಲೆಕ್ಕದೊಳಗೆ ಇರುವುದರಿಂದ ಇಂದಿನ ರುಚಿಯೇ ನಾಳೆಯೂ ಸಿಗುತ್ತದೆ. ಬಗನಿ ಕಳ್ಳಿನಲ್ಲಿ ಆ ಹಿಡಿತವಿಲ್ಲ. ಗಾಳಿ ತಂದ ಯೀಸ್ಟೇ ಗತಿ. ಹಾಗೆಂದು ಅದು ಕೀಳಲ್ಲ. ಬೆಲ್ಜಿಯಮ್ಮಿನ ಬ್ರಸೆಲ್ಸ್ ಸುತ್ತ ‘ಲಾಂಬಿಕ್’ ಎಂಬ ಹುಳಿ ಬಿಯರನ್ನು ಇಂದಿಗೂ ಗಾಳಿಯ ಯೀಸ್ಟಿಗೆ ಬಿಟ್ಟೇ ಹುಳಿಸುತ್ತಾರೆ. ಅದನ್ನು ಆ ಕಣಿವೆಯಲ್ಲಿಯೇ ಮಾಡಬೇಕೆಂದು ಅಲ್ಲಿನವರ ಹಟ. ಬೆಲ್ಜಿಯಮ್ಮಿನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೋ 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನೊಂದು ಹೋಲಿಕೆ ಇನ್ನೂ ಹತ್ತಿರದ್ದು. ಟಾಯ್ಟಿನಲ್ಲಿ ಬಾಸ್ಮತಿ ಅಕ್ಕಿ ಸೇರಿಸಿದ ಬಿಯರ್ ಜನಪ್ರಿಯವಾಯಿತು. ಬೆಂಗಳೂರಿನ ಕುಡಿಯುವವರಿಗೆ ಅದು ಹೊಸತನವೆನ್ನಿಸಿತು. ಅಕ್ಕಿಯಿಂದ ಬಿಯರ್ ಮಾಡುವುದು ಈ ರಾಜ್ಯದಲ್ಲಿ ಹೊಸತೇ?

ನಿಷೇಧದ ಸರಪಣಿ

ಹಾಗಾದರೆ ಬಗನಿ ಕಳ್ಳಿಗೂ ಬೋಜಕ್ಕೂ ಏನಾಯಿತು? ಒಬ್ಬರನ್ನೇ ದೂರಿ ಮುಗಿಸುವ ಕಥೆಯಲ್ಲ ಇದು.

ಮೊದಲನೆಯದು ಅಬಕಾರಿ. ಬ್ರಿಟಿಷರ ಕಾಲದಿಂದ ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು ಎಂಬ ಪದ್ಧತಿ ಬೇರೂರಿತು. ಮನೆಯ ಕಳ್ಳು ಗುತ್ತಿಗೆದಾರನ ಸರಕಾಯಿತು. ಸ್ವಾತಂತ್ರ್ಯದ ನಂತರ ಪಾನನಿರೋಧದ ವರ್ಷಗಳು ಬಂದು ಹೋದವು. 1965ರ ಅಬಕಾರಿ ಕಾಯ್ದೆ ಬಂತು. ಪರವಾನಗಿಯಿಲ್ಲದೆ ಮಾಡಿದ್ದೆಲ್ಲ ಕಳ್ಳ ಸರಕೆನಿಸಿತು. ಎರಡನೆಯದು ಕಲಬೆರಕೆ. ಮರಗಳು ಕಡಿಮೆಯಾಗಿ ಅಂಗಡಿಗಳು ಹೆಚ್ಚಾದಾಗ, ಮುಖ್ಯವಾಗಿ ಬಯಲುಸೀಮೆಯಲ್ಲಿ, ನೀರಿಗೆ ಕ್ಲೋರಲ್ ಹೈಡ್ರೇಟಿನಂಥ ರಾಸಾಯನಿಕ ಬೆರೆಸಿ ಕಳ್ಳೆಂದು ಮಾರುವ ದಂಧೆ ಹಬ್ಬಿತು. 2004ರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನು ಬಿಟ್ಟು ರಾಜ್ಯದಲ್ಲಿ ಕಳ್ಳು ನಿಷೇಧವಾಯಿತು. 2007ರ ಜುಲೈ 1ರಂದು ಸಾರಾಯಿಯೂ ನಿಂತಿತು. ಈಚಲ ಹೆಂಡದ ಅಂಗಡಿಯ ಪಾಪಕ್ಕೆ ಕಾನಿನ ಬಗನಿಯೂ ದಂಡ ತೆತ್ತಂತಾಯಿತು.

ಮೂರನೆಯದು ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರುಗಳು, ಗದ್ದೆಗಳು, ಕಾಡುಗಳು ಮುಳುಗಿದವು. ಸಾಗರ ಹೊಸನಗರಗಳ ಎಷ್ಟೋ ದೀವರ ಕುಟುಂಬಗಳು ಗಂಟುಮೂಟೆ ಕಟ್ಟಿ ದೂರದ ಊರುಗಳಿಗೆ ಹೊರಟವು. ಮನುಷ್ಯ ಗಂಟು ಹೊತ್ತು ಹೋಗಬಹುದು. ಯಾವ ಮರ ಯಾವ ವರ್ಷ ಒಡೆಯುತ್ತದೆಂಬ ತಿಳಿವಳಿಕೆಯನ್ನು ಹೊತ್ತು ಹೋಗಿ ಬೇರೆ ಕಾಡಿನಲ್ಲಿ ಏನು ಮಾಡುವುದು?

ನಾಲ್ಕನೆಯದು, ಬಹಳ ಮುಖ್ಯವಾದದ್ದು, ಸಮುದಾಯದ ಸ್ವಂತ ತೀರ್ಮಾನ. ಕಳ್ಳನ್ನು ತಯಾರಿಸಬೇಡಿ, ಕೊಡಬೇಡಿ, ಕುಡಿಯಬೇಡಿ ಎಂಬ ನಾರಾಯಣ ಗುರುಗಳ ಉಪದೇಶ ಕೇರಳದಿಂದ ಕರಾವಳಿಗೆ, ಘಟ್ಟದ ಮೇಲಕ್ಕೆ ಹಬ್ಬಿತು. ಕಸುಬಿನ ಹೆಸರಿನಿಂದಲೇ ಕೀಳಾಗಿ ಕಂಡವರಿಗೆ ಆ ಕಸುಬನ್ನು ಬಿಡುವುದು ಸ್ವಾಭಿಮಾನದ ಹೆಜ್ಜೆಯಾಗಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಗೇಣಿದಾರರು ಎದ್ದು ನಿಂತರು. ಅವರಲ್ಲಿ ಹೆಚ್ಚಿನವರು ದೀವರೇ. ಭತ್ತ ಅಳೆಯುವ ಕೊಳಗದ ಮೋಸದ ವಿರುದ್ಧ ಶುರುವಾದ ಆ ಹೋರಾಟ ರಾಮಮನೋಹರ ಲೋಹಿಯಾ ಅವರನ್ನೂ ಸಾಗರಕ್ಕೆ ಕರೆತಂದಿತು. ಗದ್ದೆ ಕೈಗೆ ಬಂದಿತು, ಮಕ್ಕಳು ಶಾಲೆಗೆ ಹೋದರು. ಓದಿದ ಮಗ ಮರ ಹತ್ತಬೇಕೆಂದು ಯಾವ ತಂದೆ ಬಯಸುತ್ತಾನೆ? ಕುಡಿತದಿಂದ ಹಾಳಾದ ಸಂಸಾರಗಳ ಹೆಂಗಸರ ಕಣ್ಣೀರೂ ಸುಳ್ಳಲ್ಲ. ಸಾರಾಯಿ ವಿರೋಧಿ ಹೋರಾಟಗಳ ಮುಂಚೂಣಿಯಲ್ಲಿ ನಿಂತವರು ಅವರೇ.

ಈ ನಾಲ್ಕನ್ನೂ ಒಪ್ಪಿದ ಮೇಲೂ ಒಂದು ಅಸಮತೋಲ ಉಳಿಯುತ್ತದೆ. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬ್ರಾಂದಿಗಳ ಪೊಟ್ಟಣ ಬಂದವು. ಮದ್ಯಾಂಶ ನೂರಕ್ಕೆ ನಾಲ್ಕಿದ್ದ ಕಳ್ಳು ಮಲೆನಾಡಿನಲ್ಲಿ ಅಪರಾಧ, ನಲವತ್ತಿರುವ ಪೊಟ್ಟಣ ಅಂಗಡಿಯಲ್ಲಿ ಲಭ್ಯ. ಯಂತ್ರ ಕೂರಿಸುವಷ್ಟು ಬಂಡವಾಳ, ಪರವಾನಗಿ ಶುಲ್ಕ ಕಟ್ಟುವಷ್ಟು ದುಡ್ಡು ಇದ್ದವನು ಹುಳಿಸಿದರೆ ಅದು ಉದ್ಯಮ. ಗಡಿಗೆಯಲ್ಲಿ ಹುಳಿಸಿದರೆ ಅಬಕಾರಿ ದಾಳಿ. ಕಾಯ್ದೆ ಪಾನೀಯದ ಗುಣ ನೋಡುವ ಬದಲು ಹುಳಿಸುವವನ ಜೇಬು ನೋಡಿದಂತಿದೆ.

ಉಳಿಯಬೇಕಾದದ್ದು ಯಾವುದು?

ಇಷ್ಟು ಹೇಳಿದ್ದು ಯಾರನ್ನೂ ಕುಡಿಯಲು ಕರೆಯುವುದಕ್ಕಲ್ಲ. ಹಾಗೆ ಕೇಳಿಸಿದರೆ ಮಾತು ದಾರಿ ತಪ್ಪಿತೆಂದೇ ಅರ್ಥ. ಕಳ್ಳು ಇಳಿಸುವುದನ್ನು ಬಿಟ್ಟವರಿಗೆ ಮತ್ತೆ ಇಳಿಸಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಕಸುಬು ಬಿಡುವುದು ಬೇರೆ, ಕಸುಬಿನೊಳಗಿನ ವಿದ್ಯೆ ನಾಶವಾಗುವುದು ಬೇರೆ.

ಬೇರೆಯವರು ಏನು ಮಾಡಿದ್ದಾರೆ ಎಂಬುದನ್ನು ನೋಡಬಹುದು. ಗೋವೆಯ ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅಸ್ಸಾಮಿನ ದಿಮಾಸ ಜನಾಂಗದ ‘ಜುದಿಮಾ’ ಎಂಬ ಅಕ್ಕಿ ಮದ್ಯಕ್ಕೆ 2021ರಲ್ಲಿ ಅದೇ ಮನ್ನಣೆ ಬಂತು. ಅದೂ ಅನ್ನದಿಂದ, ಗಿಡಮೂಲಿಕೆಯ ಹುಳಿಮದ್ದಿನಿಂದ, 
ಹೆಂಗಸರ ಕೈಯಿಂದ ಆಗುವಂಥದು. ಬೋಜದ ಅಕ್ಕನೆಂದರೂ ಸಲ್ಲುತ್ತದೆ. ಶ್ರೀಲಂಕಾದಲ್ಲಿ ಬಗನಿಯನ್ನು ಕಿತ್ತುಲ್ ಎನ್ನುತ್ತಾರೆ. ಅಲ್ಲಿ ಅದರ ಸಿಹಿರಸವನ್ನು ಹುಳಿಯಲು ಬಿಡದೆ ಕಾಯಿಸಿ ಜೋನಿಬೆಲ್ಲ, ಅಚ್ಚುಬೆಲ್ಲ ಮಾಡಿ ಮಾರುತ್ತಾರೆ. ಮೊಸರಿನ ಮೇಲೆ ಆ ಜೋನಿಬೆಲ್ಲ ಹುಯ್ದು ತಿನ್ನುವುದು ಅಲ್ಲಿ ಮನೆಮಾತು. ಮರ ಅದೇ, ಕತ್ತಿ ಅದೇ, ಹತ್ತುವ ವಿದ್ಯೆಯೂ ಅದೇ. ಅಮಲು ಮಾತ್ರ ಇಲ್ಲ. ಕರ್ನಾಟಕದಲ್ಲಿಯೂ ತೆಂಗಿನ ನೀರಾ ಇಳಿಸಲು ಸರ್ಕಾರ ನಂತರದ ವರ್ಷಗಳಲ್ಲಿ ಅವಕಾಶ ಮಾಡಿಕೊಟ್ಟಿತು. ತೆಂಗಿಗೆ ಸಲ್ಲುವುದು ಬಗನಿಗೆ ಏಕೆ ಸಲ್ಲಬಾರದು? ಬೆಲ್ಲಕ್ಕೆ ಬೆಲೆ ಬಂದರೆ ಮರಕ್ಕೆ ಬೆಲೆ ಬರುತ್ತದೆ. ಮರಕ್ಕೆ ಬೆಲೆ ಬಂದರೆ ಕಾನಿಗೆ ಕಾವಲು ಸಿಗುತ್ತದೆ.

ಅದಕ್ಕೂ ಮುಂಚೆ ಆಗಬೇಕಾದ ಕೆಲಸ ಒಂದಿದೆ, ಅದಕ್ಕೆ ಸರ್ಕಾರದ ಅಪ್ಪಣೆಯೂ ಬೇಡ. ಮರ ಹತ್ತಿ ಬಲ್ಲವರು, ಹುಳಿಮದ್ದು ಕಟ್ಟಿ ಬಲ್ಲವರು ಮೂರೂ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ, ಅವರಿಗೆ ವಯಸ್ಸಾಗಿದೆ. ಹೊಂಬಾಳೆಯ ಯಾವ ಹದದಲ್ಲಿ ಮೊದಲ ಕೊಯ್ತ ಹಾಕಬೇಕು, ಬೀಜಕ್ಕೆಂದು ಎಷ್ಟು ಬಿಡಬೇಕು, ಹುಳಿಮದ್ದಿಗೆ ಯಾವ ಗಿಡದ ಯಾವ ಭಾಗ ಬೇಕು ಎಂಬುದು ಅವರ ನೆನಪಿನಲ್ಲಿದೆ. ಅಪರಾಧಿಯನ್ನು ವಿಚಾರಿಸುವ ಹಾಗೆ ಕೇಳಿದರೆ ಅವರು ಹೇಳುವುದಿಲ್ಲ. ಪಂಡಿತರನ್ನು ಕೇಳುವ ಹಾಗೆ ಕೇಳಬೇಕು.

ಬೆಂಗಳೂರಿನಲ್ಲಿ ಹಲಗೆಯ ಮೇಲೆ ಲೋಟ ಸಾಲಿಟ್ಟು ಹೋಲಿಸಿ ನೋಡುವವನೂ, ಕಾನಿನಂಚಿನಲ್ಲಿ ಸೋರೆಬುರುಡೆ ಎತ್ತಿ ಇದು ಯಾವ ಮರದ್ದೆಂದು ಹೇಳಿದವನೂ ಮಾಡಿದ್ದು ಒಂದೇ ಕೆಲಸ. ನಾಲಗೆಯಿಂದ ನೆಲವನ್ನು ಓದುವ ಕೆಲಸ. ಮೊದಲನೆಯವನಿಗೆ ಓದಲು ನಾಳೆಯೂ ಪುಸ್ತಕವಿದೆ. ಎರಡನೆಯವನ ಪುಸ್ತಕ ಮರದ ಮೇಲಿತ್ತು. ಹೊಂಬಾಳೆಗಳೆಲ್ಲ ಮುಗಿದ ಬಗನಿ ನಿಂತಲ್ಲಿಯೇ ಒಣಗುತ್ತದೆ. ಅದರ ಬುಡದಲ್ಲಿ ಸಸಿ ಇದೆಯೇ ಎಂದು ಬಗ್ಗಿ ನೋಡಬೇಕಾದ ಕಾಲವಿದು.